ಕೆಂಪು ಅರಿವಿಯ ಗಂಟು

ಜಾಲಿಕೊಪ್ಪದ ಹೊಳಬಸಪ್ಪ ಸುಳ್ಳುಗಾರನಲ್ಲ. ಒಂದು ಮಾತನ್ನು ನಾಲ್ಕು ಸಲ ಹೇಳಿದ ಮೇಲೆ ಅದನ್ನು ತಾನೇ ನಂಬಿಬಿಡುತ್ತಿದ್ದ, ಅಷ್ಟೆ. ಉಳಿದವರು ಮೋಸಹೋಗುವ ಮೊದಲು ಅವನೇ ಮೋಸಹೋಗಿರುತ್ತಿದ್ದ.

ವಾರಕ್ಕೊಮ್ಮೆ ಸವಣೂರಿಗೆ ಹೋಗಿ ವೀಳ್ಯದೆಲೆ ತಂದು ಊರಲ್ಲಿ ಮಾರುವುದು ಅವನ ಕಸುಬು. ಅದರಿಂದ ಹೊಟ್ಟೆ ತುಂಬುತ್ತಿತ್ತು, ಆದರೆ ಹೇಳಿಕೊಳ್ಳಲು ಏನೂ ಇರಲಿಲ್ಲ. ಹೇಳಿಕೊಳ್ಳಬೇಕಾದ ಪ್ರಸಂಗ ಮಗಳು ಸುಶೀಲವ್ವನಿಗೆ ಗಂಡು ಬಂದಾಗ ಒದಗಿತು.

ಗಂಡಿನ ತಂದೆ ಚಿಕ್ಕೇರೂರಿನ ಕರಿಬಸಪ್ಪ. ಹಿಂದೊಮ್ಮೆ ಹೊಲದ ಬಾಂದಿನ ದಾವೆಯಲ್ಲಿ ಈತ ತಾಲೂಕು ಕಚೇರಿಯಿಂದ ತಂದ ಒಂದು ನಕಲನ್ನು ತೋರಿಸಿ ಗೆದ್ದಿದ್ದ. ಅಂದಿನಿಂದ ಸರ್ಕಾರದ ಮೊಹರು ಬಿದ್ದ ನಕಲಿನ ಮೇಲೆ ಅವನಿಗೆ ಭಕ್ತಿ. ಆ ನಕಲಿಗೆ ಗಾಜಿನ ಚೌಕಟ್ಟು ಕೂಡಿಸಿ ಜಗಲಿಯ ಮೇಲೆ ದೇವರ ಪಕ್ಕದಲ್ಲಿ ಇಟ್ಟಿದ್ದ. ದೇವರಿಗೆ ವಿಭೂತಿ ಹಚ್ಚಿದ ಬೆರಳನ್ನೇ ಅದಕ್ಕೂ ಹಚ್ಚುತ್ತಿದ್ದ.

ಹೊಳಬಸಪ್ಪನ ಪಡಸಾಲೆಯಲ್ಲಿ ಕುಳಿತು ಅವಲಕ್ಕಿ ತಿಂದು ಕರಿಬಸಪ್ಪ ವಿಚಾರಣೆ ಶುರುಮಾಡಿದ.

"ಹೊಲ ಐತೇನ್ರಿ?"

"ಹೊಲ ಅಂದ್ರ... ಐತ್ರಿ."

"ಎತ್ತು?"

"ಒಂದೈತ್ರಿ. ಇನ್ನೊಂದು ನೆರಮನಿ ಅಜ್ಜಪ್ಪಂದು. ಬೇಕಾದಾಗ ಕೂಡಸ್ತೇವ್ರಿ."

ಕರಿಬಸಪ್ಪ ತಟ್ಟೆಯನ್ನು ಕೆಳಗಿಟ್ಟ. ಇಟ್ಟ ರೀತಿ ಹೊಳಬಸಪ್ಪನಿಗೆ ಸರಿಬೀಳಲಿಲ್ಲ.

"ಊರ ನಡುವಿನ ದೊಡ್ಡ ಬಾವಿ ನೋಡೀರೇನ್ರಿ?" ಎಂದ ಅವನು. "ಅದನ್ನ ನಮ್ಮ ಮುತ್ತ್ಯಾ ಮುಪ್ಪಣ್ಣ ಕಡಿಸಿದ್ದು. ಊರಿಗೆಲ್ಲಾ ನೀರು ಕುಡಿಸಿದ ಮನೆತನ್ರಿ ನಮ್ಮದು."

ಒಳಗೆ ಅವನ ಹೆಂಡತಿ ಹಾಲವ್ವ ಚಹಾ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು. ಮದುವೆಯಾಗಿ ಇಷ್ಟು ವರ್ಷ ಅದೇ ಬಾವಿಯಿಂದ ನೀರು ಹೊತ್ತರೂ ಈ ಸುದ್ದಿ ಅವಳಿಗೆ ಹೊಸದು.

"ಹಂಗಂತ ಯಾರ ಹೇಳ್ತಾರ?" ಎಂದ ಕರಿಬಸಪ್ಪ.

"ಊರ ಹೇಳತೈತ್ರಿ."

"ಊರು ಏನರ ಹೇಳತೈತಿ. ಸರ್ಕಾರ ಏನ ಹೇಳತೈತಿ?"

ಇಲ್ಲಿ ನಿಲ್ಲಿಸಿದ್ದರೆ ಈ ಕಥೆ ಬರೆಯುವ ಕಾರಣವೇ ಇರುತ್ತಿರಲಿಲ್ಲ. ಹೊಳಬಸಪ್ಪ, "ಸರ್ಕಾರದ ದಫ್ತರದಾಗೂ ಐತ್ರಿ" ಎಂದ.

ಕರಿಬಸಪ್ಪನ ಮುಖ ಅರಳಿತು. "ಹಂಗಾದ್ರ ಮಾತ ಮುಗೀತು. ನಕಲು ತಗೊಂಡ ಬರ್ರಿ, ನಿಶ್ಚಯ ಮಾಡೂಣು. ನಮ್ಮಜ್ಜನೂ ಇದ ಊರಾಂವ್ರಿ. ದೊಡ್ಡ ಬರದಾಗ ಚಿಕ್ಕೇರೂರಿಗೆ ಬಂದ. ಯಾಕ ಬಂದ ಅಂತ ಕೇಳಿದ್ರ ನಮ್ಮಪ್ಪ ಹೊಡೀತಿದ್ದ. ಆದ್ರ ಬಾವಿ ಸುದ್ದಿ ನಾ ಕೇಳಿದ್ದಿಲ್ಲ."

ಅವನು ಹೋದ ಮೇಲೆ ಹಾಲವ್ವ ಹೊರಗೆ ಬಂದಳು.

"ನಿಮ್ಮ ಮುತ್ತ್ಯಾ ಬಾವಿ ಯಾವಾಗ ಕಡಿಸಿದ?"

"ನಮ್ಮವ್ವ ಹೇಳ್ತಿದ್ಳು."

"ಅತ್ತಿ ಹೇಳಿದ್ದು, ನಿಮ್ಮ ಮುತ್ತ್ಯಾ ಆ ಬಾವಿಯಾಗ ಬಿದ್ದಿದ್ದಾ ಅಂತ."

"ಕಡಸಿದ ಮ್ಯಾಲಲ್ಲೇನ ಬೀಳೂದು?" ಎಂದ ಹೊಳಬಸಪ್ಪ. ಈ ಉತ್ತರ ಅವನಿಗೇ ಬಹಳ ಸರಿಕಂಡಿತು. ಮರುದಿನ ನಸುಕಿನಲ್ಲೇ ಕಚೇರಿಯ ದಾರಿ ಹಿಡಿದ.

ಆ ಕಚೇರಿ ಯಾವ ತಾಲೂಕಿನದೆಂದು ಬರೆಯಲು ಅಪ್ಪಣೆ ಸಿಕ್ಕಿಲ್ಲ. ಅಲ್ಲಿ ಹಳೆಯ ಕಾಗದಗಳನ್ನು ಅರಿವಿಯಲ್ಲಿ, ಅಂದರೆ ಬಟ್ಟೆಯಲ್ಲಿ, ಗಂಟು ಕಟ್ಟಿ ಅಟ್ಟದ ಮೇಲೆ ಪೇರಿಸಿಡುವ ಪದ್ಧತಿ. ಬಿಳಿ ಅರಿವಿಯ ಗಂಟಾದರೆ ಸಾರ್ವಜನಿಕರದು. ಅರ್ಜಿ ಕೊಟ್ಟವರಿಗೆ ಅದರೊಳಗಿನ ನಕಲು ಸಿಗುತ್ತಿತ್ತು. ಕೆಂಪು ಅರಿವಿಯದಾದರೆ ಗುಪ್ತ. ಅದನ್ನು ಧಾರವಾಡದ ಕಲೆಕ್ಟರರ ಅಪ್ಪಣೆ ಇಲ್ಲದೆ ತಾಲೂಕಿನ ದೊಡ್ಡ ಅಧಿಕಾರಿ ಮಾಮಲೇದಾರರೂ ಬಿಚ್ಚುವಂತಿರಲಿಲ್ಲ. ಪದ್ಧತಿ ಸರಳವಾಗಿತ್ತು, ಬಹುಕಾಲ ಸರಿಯಾಗಿಯೇ ನಡೆದಿತ್ತು. ಆದರೆ ಅದು ಜರ್ಮನಿಯ ಎರಡನೆಯ ಯುದ್ಧದ ಕಾಲ. ಅರಿವಿಗೆ ಕಂಟ್ರೋಲು ಬಂದಿತ್ತು. ಮನುಷ್ಯರಿಗೇ ಕಾರ್ಡಿನ ಮೇಲೆ ಅಳೆದು ಕೊಡುತ್ತಿದ್ದರು, ಕಾಗದಕ್ಕೆ ಯಾರು ಕೊಡುತ್ತಾರೆ?

ದಫ್ತರದ ಕಾರಕೂನ ತಮ್ಮಣ್ಣರಾಯರು ಅರ್ಜಿ ಓದಿ ಪಟ್ಟೇವಾಲಾ ಜವಾನ ಬಂದೇಸಾಬನನ್ನು ಅಟ್ಟಕ್ಕೆ ಹತ್ತಿಸಿದರು. ಬಂದೇಸಾಬ ಧೂಳಿನಲ್ಲಿ ಕೆಮ್ಮುತ್ತ ಒಂದು ಗಂಟು ಹೊತ್ತು ಇಳಿದ. ಅದನ್ನು ನೋಡಿ ರಾಯರು ಎದ್ದು ನಿಂತರು.

"ಕೆಂಪು ಗಂಟ ಯಾಕ ಇಳಿಸ್ದ್ಯೋ?"

"ಜಾಲಿಕೊಪ್ಪದ್ದು ಇದ ಐತ್ರಿ ರಾಯರ. ಮೊದಲ ಬಿಳೀ ಅರಿವಿ ಇತ್ತು, ಹೋದ ಮಳಿಗಾಲದಾಗ ಇಲಿ ತಿಂದ್ವು. ಧಾರವಾಡಕ್ಕ ಬರದ್ರ ಯುದ್ಧ ಮುಗೀಲಿ ಅಂತ ಉತ್ತರ ಬಂತು. ಒಂದು ಕೆಂಪು ತುಂಡು ಬಿದ್ದಿತ್ತು, ನಾನ ಕಟ್ಟೇನಿ."

"ಕಟ್ಟಿದಾಂವ ನೀನ, ಖರೆ. ಈಗ ಇದರ ಬಣ್ಣ ಯಾವುದದ?"

"ಕೆಂಪ್ರಿ."

"ಕೆಂಪು ಗಂಟ ಯಾರ ಬಿಚ್ಚಬೇಕು?"

"ಯಾರೂ ಬಿಚ್ಚಬಾರದ್ರಿ."

"ಬಿಚ್ಚದನ ಇದರಾಗ ಏನದ ಅಂತ ನನಗ ಹೆಂಗ ಗೊತ್ತಾಗಬೇಕು?"

"ನಾ ಹೇಳಾಕತ್ತೇನಲ್ರಿ, ಇದರಾಗ..."

"ಗುಪ್ತ ದಫ್ತರದಾಗ ಏನದ ಅಂತ ಬಾಯಿಬಿಟ್ಟವರ ನೌಕರಿ ಹೋಗ್ತದ. ತಿಳೀತೇನು?"

ಬಂದೇಸಾಬ ಗಂಟಿನ ಧೂಳು ಒರೆಸತೊಡಗಿದ. ಅವನಿಗೆ ಆರು ಮಕ್ಕಳು.

ಹೊಳಬಸಪ್ಪ ಮುಂದೆ ಬಂದು ಕೈಮುಗಿದ. "ರಾಯರ, ಬಾವಿ ಅಂದ್ರ ಗುಟ್ಟ ಏನೂ ಅಲ್ರಿ. ಊರ ನಡುವ ಐತಿ."

"ಬಾವಿ ಗುಪ್ತ ಅಂತ ನಾ ಅಂದೆನೇನು? ಬಾವಿ ನೋಡು, ನೀರು ಸೇದು, ಈಸು. ಕಾಗದ ಮಾತ್ರ ಕೇಳಬ್ಯಾಡ."

ಆದರೂ ರಾಯರು ಕರ್ತವ್ಯನಿಷ್ಠರು. ಅರ್ಜಿಗೆ ಉತ್ತರ ಕೊಡದೆ ಕಳಿಸುವವರಲ್ಲ. ಅಲ್ಲೇ ಬರೆದು ಮೊಹರು ಒತ್ತಿ ಕೊಟ್ಟರು: "ಅರ್ಜಿದಾರನು ಕೇಳಿದ ಬಾವಿಯ ಕಾಗದವು ಗುಪ್ತ ದಫ್ತರದಲ್ಲಿ ಇರುವ ಸಬಬಿನಿಂದ ನಕಲು ಕೊಡಲಾಗುವುದಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬರುತ್ತಿದ್ದರು. ಹೊಳಬಸಪ್ಪ ಎದೆಯುಬ್ಬಿಸಿ ಬಂದ. ನಕಲು ಯಾರಿಗಾದರೂ ಸಿಗುತ್ತದೆ, ಇಂಗ್ಲಿಷರ ಸರ್ಕಾರ ಬಚ್ಚಿಟ್ಟುಕೊಂಡಿರುವ ಮುತ್ತ್ಯಾ ಎಷ್ಟು ಮಂದಿಗಿದ್ದಾನೆ? ನೆರಮನೆಯ ಅಜ್ಜಪ್ಪನ ಕಟ್ಟೆಯ ಮೇಲೆ ಕುಳಿತು ಕಾಗದವನ್ನು ಶಾಲೆ ಮಾಸ್ತರರಿಂದ ಓದಿಸಿದ. ಕೇಳಿಸದವರಿಗಾಗಿ ಮತ್ತೊಮ್ಮೆ ಓದಿಸಿದ.

ಅಜ್ಜಪ್ಪ ಎತ್ತಿನ ಜೋಡಿಯಲ್ಲಿ ಅರ್ಧದ ಪಾಲುದಾರ, ಇಡೀ ಸಂಶಯದ ಒಡೆಯ. ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಕೇಳಿದ: "ಗುಪ್ತ ಇರೂದು ಕಾಗದದಾಗೋ, ಬಾವಿಯಾಗೋ?"

ಆಮೇಲೆ ಒಬ್ಬೊಬ್ಬರೇ, ಎಮ್ಮೆ ನೋಡಿ ಬರುತ್ತೇನೆ, ಮನೆಯಲ್ಲಿ ಕೆಲಸವಿದೆ ಎಂದು ಎದ್ದು ಹೋದರು. ಎಲ್ಲರೂ ಹೋದದ್ದು ಬಾವಿಯ ಕಡೆಗೆ.

ಬಾವಿಯಲ್ಲಿ ಬಂಗಾರವಿದೆ ಎಂಬ ತೀರ್ಮಾನಕ್ಕೆ ಬರಲು ಊರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಗಂಡಸರು ಹಗ್ಗ ಕಟ್ಟಿ ಇಳಿದರು. ಕೆಸರಿನಿಂದ ಮೇಲೆ ಬಂದದ್ದು ಒಂದು ಗಾಲಿಯ ಕೀಲು, ನಾಲ್ಕು ಒಡೆದ ಗಡಿಗೆ, ಮತ್ತು ಕಳೆದ ವರ್ಷ ಕಳುವಾಯಿತೆಂದು ನಾಗವ್ವ ಎಂಬ ವಿಧವೆ ಓಣಿಯವರನ್ನೆಲ್ಲ ಬೈದು ಮುಗಿಸಿದ್ದ ತಾಮ್ರದ ಕೊಡ. ಬೈಸಿಕೊಂಡವರು ಈಗ ಬಡ್ಡಿ ಸಮೇತ ತಿರುಗಿ ಬೈದರು. ನಾಗವ್ವ ಮಾತು ಮರೆಸಲು ಒಂದು ಹೊಸ ದಾರಿ ತೆಗೆದಳು.

"ಬಂಗಾರ ಸಿಗಲಿಲ್ಲ ಅಂದ್ರ ಹೆಣಾನ ಇರಬೇಕು. ಎರಡರಾಗ ಒಂದು ಇಲ್ಲದನ ಸರ್ಕಾರ ಯಾಕ ಮುಚ್ಚಿಡತೈತಿ?"

ಹೆಂಗಸರು ಬಾವಿ ಬಿಟ್ಟು ದೂರದ ಹಳ್ಳಕ್ಕೆ ನೀರಿಗೆ ಹೋಗತೊಡಗಿದರು. ಹಾಲವ್ವ ಮಾತ್ರ ಹಟ ಹಿಡಿದು ಬಾವಿಯಿಂದಲೇ ಸೇದಿದಳು.

"ನೋಡ್ರೆ, ಅಕಿಗೆ ಹೆದರಿಕಿ ಇಲ್ಲ," ಎಂದಳು ನಾಗವ್ವ. "ಯಾರ ಹೆಣ ಅಂತ ಅಕಿಗೆ ಗೊತ್ತೈತಿ."

ಹೊಳಬಸಪ್ಪ ಎಲೆ ಬಾಡದಂತೆ ಬುಟ್ಟಿಗೆ ಅದೇ ಬಾವಿಯ ನೀರು ಚಿಮುಕಿಸುತ್ತಿದ್ದ. ಊರು ಎಲೆ ಹಾಕುವುದನ್ನು ಬಿಡಲಿಲ್ಲ, ಅವನ ಎಲೆ ಕೊಳ್ಳುವುದನ್ನು ಬಿಟ್ಟಿತು. ಬುಟ್ಟಿಯ ಎಲೆಯೆಲ್ಲ ಹಳದಿಯಾಯಿತು. ಊರ ಗೌಡರು ಖುದ್ದಾಗಿ ಬಂದು ಅವನನ್ನು ಮೂಲೆಗೆ ಕರೆದರು.

"ಏ ಹೊಳಬಸಪ್ಪ, ಖರೇ ಹೇಳು. ನಿಮ್ಮ ಮುತ್ತ್ಯಾ ಯಾರನ್ನ ತಳ್ಳಿದ?"

"ಅಯ್ಯೋ ಗೌಡ್ರ, ಅಂವ ತಾನ ಬಿದ್ದಿದ್ದಾನ್ರಿ!"

"ತಾನ ಬಿದ್ದಾನ? ಹಂಗಾದ್ರ ತಳ್ಳಿದಾಂವ ಯಾರು?" ಎಂದು ಗೌಡರು ಇನ್ನಷ್ಟು ಗಂಭೀರರಾಗಿ ಹೋದರು.

ಸುದ್ದಿ ತಡಸದ ಸಂತೆಯನ್ನು ದಾಟಿ ಚಿಕ್ಕೇರೂರು ಮುಟ್ಟಿತು. ಕರಿಬಸಪ್ಪ ಗಾಡಿ ಹೂಡಿಕೊಂಡು ಬಂದ. ಕಚೇರಿಯ ಉತ್ತರವನ್ನು ಎರಡೂ ಕೈಯಲ್ಲಿ ಹಿಡಿದು ಮೊದಲು ಮೊಹರನ್ನು ಕಣ್ಣಿಗೆ ಒತ್ತಿಕೊಂಡ, ಆಮೇಲೆ ಓದಿದ. ಓದಿ ಸಂಕಟಕ್ಕೆ ಬಿದ್ದ.

"ಮೊಹರು ಐತಿ, ನಂಬಲಿಕ್ಕೇ ಬೇಕು. ಆದ್ರ ಏನ ನಂಬಬೇಕು ಅನ್ನೂದು ಇದರಾಗ ಬರದಿಲ್ಲ."

"ನಮ್ಮ ಮುತ್ತ್ಯಾ ದೊಡ್ಡಾಂವ ಅಂತ ನಂಬ್ರಿ," ಎಂದ ಹೊಳಬಸಪ್ಪ.

"ದೊಡ್ಡ ಏನು? ದೊಡ್ಡ ದಾನಿಯೋ, ದೊಡ್ಡ ಕಳ್ಳನೋ? ಅಷ್ಟು ತಿಳಿದ್ರ ಸಾಕು. ಗಂಟ ಬಿಚ್ಚಸ್ರಿ. ಇಲ್ಲಂದ್ರ ಹಿರೇಬೆಂಡಿಗೇರಿಯಾಗ ಇನ್ನೊಂದು ಕನ್ಯಾ ನೋಡೇವಿ."

ಆ ದಿನ ಹಾಲವ್ವ ಗಂಡನಿಗೆ ರೊಟ್ಟಿ ಹಾಕಿದಳು, ಪಲ್ಯ ಹಾಕಲಿಲ್ಲ. "ಸತ್ತ ಮುತ್ತ್ಯಾನ್ನ ಬಾವಿಯಾಗಿಂದ ಎತ್ತಿ ಮಗಳ ಬಾಳುವೆ ಅದರಾಗ ಒಗದ್ಯಲ್ಲ! ಎಲಿ ಮಾರ್ತೇನಿ ಅಂದಿದ್ರ ನಿನ್ನ ಬಾಯಿ ಸವೀತಿತ್ತೇನು?"

ಹೊಳಬಸಪ್ಪ ಬರೀ ರೊಟ್ಟಿಯನ್ನು ನೀರಿನಲ್ಲಿ ಅದ್ದಿಕೊಂಡು ತಿಂದ. ಒಳಗೆ ಸುಶೀಲವ್ವ ಮೂಗು ಏರಿಸುವ ಸದ್ದು ಕೇಳುತ್ತಿತ್ತು. ಅವಳಿಗೆ ಚಿಕ್ಕೇರೂರಿನ ಗಂಡು ಒಪ್ಪಿಗೆಯಾಗಿದ್ದ ಎಂಬುದು ಆಗ ಎಲ್ಲರಿಗೂ ತಿಳಿಯಿತು.

ಮರುವಾರ ಜಾಲಿಕೊಪ್ಪ ಗಾಡಿ ಕಟ್ಟಿಕೊಂಡು ಕಚೇರಿಗೆ ಹೋಯಿತು. ಗೌಡರು ಮುಂದೆ, ಅಜ್ಜಪ್ಪ ಅವರ ಬೆನ್ನಿಗೆ. ಮಾಮಲೇದಾರರು ಹೊಸಬರು, ಇನ್ನೂ ಜನರ ಮಾತಿಗೆ ಕಿವಿಗೊಡುವ ವಯಸ್ಸಿನವರು.

"ನಮ್ಮ ಊರ ಬಾವಿ, ನಮ್ಮ ಊರ ಕಾಗದ," ಎಂದು ಅಜ್ಜಪ್ಪ ಕೂಗಿದ. "ನಮಗ ಮುಚ್ಚಿಡಾಕ ಸರ್ಕಾರ ಯಾರ್ರಿ? ಬಿಚ್ಚಿ ಓದ್ರಿ! ಒಂದು ಅಕ್ಷರ ಬಿಡಬ್ಯಾಡ್ರಿ!"

ಮಾಮಲೇದಾರರು ಧಾರವಾಡಕ್ಕೆ ಬರೆದರು. ಎಲ್ಲರಿಗೂ ಆಶ್ಚರ್ಯವಾಗುವಂತೆ ಅಪ್ಪಣೆ ಬಂತು. ಗಂಟನ್ನು ಗ್ರಾಮಸ್ಥರ ಸಮಕ್ಷಮ ಬಿಚ್ಚಿ ಮೊದಲಿನಿಂದ ಕೊನೆಯವರೆಗೆ ಓದತಕ್ಕದ್ದು ಎಂದಿತ್ತು.

ಗೊತ್ತಾದ ದಿನ ಕಚೇರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರಿಬಸಪ್ಪ ಸಾಕ್ಷಿಯ ಠೀವಿಯಿಂದ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಹಾಲವ್ವ, ನಾಗವ್ವ ಗಾಡಿಯಲ್ಲೇ ನಿಂತು ಕತ್ತು ಚಾಚಿದ್ದರು. ಹೊಳಬಸಪ್ಪ ಮೇಜಿನ ಬಳಿ ಬೆವರುತ್ತಿದ್ದ. ಮುತ್ತ್ಯಾ ಬಾವಿ ಕಡಿಸಿದನೆಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಆದರೆ ಕಾಗದ ಬರೆದವನಿಗೆ ಅದು ಗೊತ್ತಿತ್ತೋ ಇಲ್ಲವೋ.

ಬಂದೇಸಾಬ ಕೆಂಪು ಅರಿವಿ ಬಿಚ್ಚಿದ. ಒಳಗೆ ಇಲಿ ತಿಂದು ಉಳಿದ ಬಿಳಿ ಅರಿವಿ, ಅದರ ಮೇಲೆ ಹೊಲಿದ ಚೀಟಿ. ತಮ್ಮಣ್ಣರಾಯರು ಬಗ್ಗಿ ನೋಡಿ ಹರ್ಷದಿಂದ ಕೂಗಿದರು.

"ಸಾಹೇಬರ, ಇದು ಗುಪ್ತ ಅಲ್ಲವೇ ಅಲ್ಲ! ಬಿಳೀ ಗಂಟು!"

"ನಾ ಅಂದಿದ್ನಲ್ರಿ," ಎಂದ ಬಂದೇಸಾಬ.

"ನೀ ಅಂದಿದ್ದು ಗುಪ್ತ ಇದ್ದಾಗ. ಅದನ್ನ ಲೆಕ್ಕಕ್ಕ ಹಿಡಿಯೂಹಾಂಗಿಲ್ಲ."

ರಾಯರು ಕನ್ನಡಕ ಏರಿಸಿ ಚೀಟಿಯನ್ನು ಗಟ್ಟಿಯಾಗಿ ಓದಿದರು: "ಜಾಲಿಕೊಪ್ಪ. ದೊಡ್ಡ ಬರದ ವರ್ಷದ ಮನೆವಾರು ವಿಚಾರಣೆ ಚೌಕಶಿ. ಸರ್ಕಾರಿ ಕಾಳು ಹಂಚಿದ್ದು, ಕದ್ದದ್ದು, ಬಚ್ಚಿಟ್ಟದ್ದು. ಬಾವಿಯ ಕೆಲಸ. ಕೆಲಸ ಮಾಡಿದವರು, ಮಾಡದೆ ಕೂಲಿ ಒಯ್ದವರು. ಎಲ್ಲ ಹೆಸರು ತಂದೆಯ ಹೆಸರು ಸಹಿತ."

ಅಂಗಳದಲ್ಲಿ ಕತ್ತು ಚಾಚಿದ್ದವರೆಲ್ಲ ಕತ್ತನ್ನು ಒಳಗೆಳೆದುಕೊಂಡರು.

"ಓದಸ್ಲೇನು?" ಎಂದರು ಮಾಮಲೇದಾರರು. "ಮೊದಲನೇ ಮನಿ ಗೌಡರದ ಇರಬೇಕು."

ಗೌಡರು ಮೇಜಿಗೆ ಅಡ್ಡ ಬಂದರು. "ಸಾಹೇಬರ, ಇಷ್ಟಕ್ಕೆಲ್ಲಾ ನಿಮ್ಮ ಹೊತ್ತು ಯಾಕ ಹಾಳಮಾಡೂದ್ರಿ? ಬಾವಿ ಹೊಳಬಸಪ್ಪನ ಮುತ್ತ್ಯಾನ ಕಡಿಸಿದ್ದು. ನಾ ಕಣ್ಣಾರೆ ಕಂಡೇನಿ."

ಗೌಡರು ಹುಟ್ಟುವ ಮೊದಲೇ ಆ ಬಾವಿಯಲ್ಲಿ ಮೂರು ಎಮ್ಮೆ ಬಿದ್ದು ಸತ್ತಿದ್ದವು. ಆದರೆ ಈ ಸಂಗತಿಯನ್ನು ಎತ್ತುವ ಉತ್ಸಾಹ ಯಾರಿಗೂ ಇರಲಿಲ್ಲ.

"ಹೌದ್ರಿ, ನಮ್ಮಜ್ಜಿ ಹೇಳ್ತಿದ್ಳು," ಎಂದಳು ನಾಗವ್ವ ಗಾಡಿಯಿಂದ. "ಹೆಣ ಗಿಣ ಏನಿಲ್ರಿ. ನೀರು ಹಾಲು ಹಾಲು!"

"ಆದ್ರ ನೀವ ಅಲ್ಲೇನ್ರಿ, ಒಂದು ಅಕ್ಷರ ಬಿಡಬ್ಯಾಡ್ರಿ ಅಂದಾಂವ್ರು?" ಎಂದು ಮಾಮಲೇದಾರರು ಅಜ್ಜಪ್ಪನನ್ನು ಕೇಳಿದರು.

"ಅಂದೇನ್ರಿ. ಅದು ಹೊಳಬಸಪ್ಪನ ಮನಿ ಅಕ್ಷರದ ಸುದ್ದಿ. ನಮ್ಮ ಮನಿ ಅಕ್ಷರ ಇದರಾಗ ಯಾಕ ಬಂದ್ವು? ಸರ್ಕಾರ ಅಂದಮ್ಯಾಲ ಒಂದು ಗುಟ್ಟು ಬ್ಯಾಡೇನ್ರಿ? ಎಲ್ಲಾ ಬಿಚ್ಚಿಟ್ರ ಸರ್ಕಾರಕ್ಕೂ ಸಂತಿಗೂ ಏನ ಫರಕು?"

ಆಗ ಕರಿಬಸಪ್ಪ ಎದ್ದ. ಅವನು ಬೇರೆ ಊರಿನವನು, ಸತ್ಯದ ಪಕ್ಷ ಹಿಡಿಯಲು ಅವನಿಗೇನೂ ಅಡ್ಡಿಯಿರಲಿಲ್ಲ. "ಇದು ಸಲ್ಲದು. ಅಪ್ಪಣೆ ಬಂದೈತಿ, ಮೊಹರು ಬಿದ್ದೈತಿ. ಓದ್ರಿ ರಾಯರ!"

"ಚೀಟಿಯೊಳಗ ಇನ್ನೂ ಒಂದು ಸಾಲು ಅದ," ಎಂದು ರಾಯರು ಬೆರಳಿಟ್ಟು ಓದಿದರು. "ರಾತ್ರೋರಾತ್ರಿ ಊರು ಬಿಟ್ಟು ಚಿಕ್ಕೇರೂರಿಗೆ ಹೋದ ಮನೆತನ ಒಂದು. ಕಾರಣ ಸಮೇತ."

ಕರಿಬಸಪ್ಪ ನಿಂತೇ ಇದ್ದ. ನಿಂತವನು ಕುಳಿತುಕೊಳ್ಳಬೇಕೋ ಮಾತಾಡಬೇಕೋ ತಿಳಿಯದೆ ತಲೆಯ ಪಟಗವನ್ನು ತೆಗೆದು ಮತ್ತೆ ಇಟ್ಟುಕೊಂಡ. ಅಪ್ಪ ಯಾಕೆ ಹೊಡೆಯುತ್ತಿದ್ದನೆಂಬುದು ಅಷ್ಟು ವರ್ಷಗಳ ಮೇಲೆ ಅವನ ಬೆನ್ನಿಗೆ ಹೊಳೆಯಿತು.

"ಹಂಗ ನೋಡಿದ್ರ," ಎಂದ ನಿಧಾನವಾಗಿ, "ಬೀಗರ ಮಾತಿಗಿಂತ ದೊಡ್ಡ ನಕಲು ಯಾವುದೈತ್ರಿ? ನಾ ನಂಬೇನಿ. ನಿಶ್ಚಯ ಆತು. ಗಂಟ ಕಟ್ರಿ."

ಈಗ ಒಬ್ಬನೇ ಉಳಿದ. ಹೊಳಬಸಪ್ಪ ಆ ಬಿಳಿ ಚಿಂದಿಯ ಕಡೆಗೇ ನೋಡುತ್ತಿದ್ದ. ಇಷ್ಟು ಹತ್ತಿರ ಬಂದಿದೆ, ಒಂದು ಹಾಳೆ ತಿರುವಿದರೆ ಮುತ್ತ್ಯಾ ಸಿಗುತ್ತಾನೆ.

"ಸಾಹೇಬರ," ಎಂದ ಸಣ್ಣ ದನಿಯಲ್ಲಿ, "ನಮ್ಮ ಮುತ್ತ್ಯಾಂದು ಒಂದ ಸಾಲು..."

ಜಾಲಿಕೊಪ್ಪ ಇಡಿಯಾಗಿ ಅವನ ಕಡೆ ತಿರುಗಿತು. ಹಾಲವ್ವ ಗಾಡಿಯಿಂದ ಇಳಿದು ಬಂದು, ಪರಪುರುಷರು ಇದ್ದಾರೆ ಎಂಬುದನ್ನೂ ಲೆಕ್ಕಿಸದೆ, ಗಂಡನ ಅಂಗಿಯ ಚುಂಗು ಹಿಡಿದು ಜಗ್ಗಿದಳು. "ಮಗಳ ನಿಶ್ಚಯ ಆತು. ಬಾಯಿ ಮುಚ್ತೀಯೋ, ಇನ್ನೊಂದು ಬಾವಿ ಕಡಸ್ಲ್ಯೋ?"

ಮಾಮಲೇದಾರರಿಗೆ ತೊಂದರೆಯಾಯಿತು. ಮುಚ್ಚಿಡಲು ಕಾನೂನಿತ್ತು, ಓದಲು ಅಪ್ಪಣೆಯಿತ್ತು, ಆದರೆ ಕೇಳಲೊಲ್ಲದವರಿಗೆ ಏನು ಮಾಡಬೇಕೆಂದು ಎಲ್ಲಿಯೂ ಬರೆದಿರಲಿಲ್ಲ. ಕೊನೆಗೆ ಊರವರೆಲ್ಲ ಸೇರಿ ಒಂದು ಅರ್ಜಿ ಕೊಟ್ಟರು: ಈ ಗಂಟಿನಲ್ಲಿರುವುದು ತಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ, ಇದನ್ನು ಸರ್ಕಾರವು ಗುಪ್ತವೆಂದೇ ತಿಳಿಯಬೇಕು. ಗೌಡರು ಮೊದಲು ರುಜು ಹಾಕಿದರು. ಅಜ್ಜಪ್ಪ ಹೆಬ್ಬೆಟ್ಟು ಒತ್ತಿ, ಒಂದು ಸರಿಯಾಗಿ ಮೂಡಲಿಲ್ಲವೆಂದು ಮತ್ತೊಂದು ಒತ್ತಿದ. ಎಲ್ಲರದೂ ಆದ ಮೇಲೆ ಹೊಳಬಸಪ್ಪನ ಬೆರಳನ್ನು ಹಾಲವ್ವ ಹಿಡಿದು ಒತ್ತಿಸಿದಳು.

"ಯುದ್ಧ ಮುಗಿದು ಬಿಳೀ ಅರಿವಿ ಬರೋತನಕಾ ಕೆಂಪು ಇರಲಿ," ಎಂದು ಮಾಮಲೇದಾರರು ತೀರ್ಪು ಕೊಟ್ಟರು. "ಬಂದಮ್ಯಾಲೆ ಮಾತ್ರ ಬಿಳೀದ. ಕೇಳಿದವರಿಗೆ ನಕಲು ಕೊಡಬೇಕಾಗ್ತದ."

ಮದುವೆಯಾಯಿತು. ಬಾವಿಯ ನೀರಿನಲ್ಲೇ ಅಡಿಗೆಯಾಯಿತು. ಹೊಳಬಸಪ್ಪನ ಎಲೆಯನ್ನೇ ಎಲ್ಲರಿಗೂ ಹಂಚಿದರು, ನಾಗವ್ವ ಎರಡು ಸಲ ಇಸಕೊಂಡಳು. ಚಪ್ಪರದಲ್ಲಿ ಯಾರೋ ಮುಪ್ಪಣ್ಣ ಮುತ್ತ್ಯಾನ ಬಾವಿಯ ಸುದ್ದಿ ಎತ್ತಿದಾಗ ಊರ ಹಿರಿಯರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಯಾರೂ ವಿವರ ಕೇಳಲಿಲ್ಲ.

ಯುದ್ಧವೂ ಮುಗಿಯಿತು. ಅದಾದ ಎಷ್ಟೋ ತಿಂಗಳ ಮೇಲೆ ಧಾರವಾಡದಿಂದ ಬಿಳಿ ಅರಿವಿ ಬಂತೆಂಬ ಸುದ್ದಿ ಸವಣೂರಿನ ಎಲೆ ತೋಟದಲ್ಲಿ ಹೊಳಬಸಪ್ಪನ ಕಿವಿಗೆ ಬಿತ್ತು. ಅವನು ಬುಟ್ಟಿ ಹೊತ್ತು ನೇರವಾಗಿ ಊರಿಗೆ ಬಂದ, ಪೆಟ್ಟಿಗೆ ತೆಗೆದ, ಏನನ್ನೋ ಎಲೆಯ ಕೆಳಗೆ ಸೇರಿಸಿಕೊಂಡು ಕಚೇರಿಗೆ ಹೋದ. ತಮ್ಮಣ್ಣರಾಯರು ಊಟಕ್ಕೆ ಹೋಗಿದ್ದರು. ಬಂದೇಸಾಬ ಬಾಗಿಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

"ಬರ್ರಿ ಹೊಳಬಸಪ್ಪ. ನಕಲು ಬೇಕೇನ್ರಿ? ಬಿಳೀ ಗಂಟಿಂದಾದ್ರ ಈಗ ಯಾರ ಕೇಳಿದ್ರೂ ಕೊಡ್ತಾರ."

ಹೊಳಬಸಪ್ಪ ಆಚೀಚೆ ನೋಡಿ ಎಲೆ ಸರಿಸಿದ. ಕೆಳಗೆ ಮಡಿಚಿಟ್ಟ ಕೆಂಪು ಅರಿವಿ, ಸುಶೀಲವ್ವನ ಮದುವೆಗೆಂದು ಪರ್ಮಿಟ್ಟಿನ ಮೇಲೆ ಸಿಕ್ಕಿದ್ದರಲ್ಲಿ ಉಳಿಸಿದ್ದು. ಹಾಲವ್ವ ಅದರಲ್ಲಿ ಎರಡು ಕುಪ್ಪಸ ಆಗುತ್ತವೆಂದು ಲೆಕ್ಕ ಹಾಕಿದ್ದಳು.

"ಸರ್ಕಾರಕ್ಕ ನಮ್ಮ ಮನೆತನದಿಂದ ಒಂದು ಕಾಣಿಕಿ ಅಂತ ತಿಳಕೋ," ಎಂದ. "ಆ ಗಂಟಿಗೆ ಕಟ್ಟಿಬಿಡು, ಮಾರಾಯ."

ಬಂದೇಸಾಬ ಬೀಡಿ ಆರಿಸಿ ಅವನನ್ನು ಒಳಗೆ ಕರೆದೊಯ್ದು ಅಟ್ಟದ ಕಡೆ ಕೈ ತೋರಿಸಿದ. ಸಾಲಾಗಿ ಹೊಸ ಬಿಳಿ ಗಂಟುಗಳು. ನಡುವೆ ಒಂದೇ ಒಂದು ಕೆಂಪು ಗಂಟು, ಉಳಿದವುಗಳ ಮೂರರಷ್ಟು ದಪ್ಪ, ಹೇರು ಕಟ್ಟಿದ ಹತ್ತಿಯ ಅಂಡಿಗೆಯ ಹಾಗೆ.

"ನೀವ ತಡಾ ಮಾಡಿದ್ರಿ," ಎಂದ. "ಬಿಳೀ ಅರಿವಿ ಬಂದ ದಿನಾನ ಗೌಡ್ರು ಬಂದು ಕೊಟ್ಟು ಹೋದ್ರು. ಮಾರನೇ ದಿನ ಅಜ್ಜಪ್ಪ. ನಿನ್ನೆ ನಿಮ್ಮ ಬೀಗರು ಚಿಕ್ಕೇರೂರಿಂದ ಬಂದಿದ್ರು, ಅವರದು ರೇಶ್ಮಿ. ಒಂದರ ಮ್ಯಾಲ ಒಂದು ಕಟ್ಟೇನಿ. ಅರಿವಿ ಇಲ್ಲದನ ಮಂದಿ ಗೋಣಿಚೀಲ ಸುತಗೊಂಡ ತಿರಗಾಕತ್ತಾರ, ಈ ಕಾಗದ ನೋಡ್ರಿ, ಹೆಂಗ ಉಟಗೊಂಡ ಕುಂತೈತಿ!"

ಹೊಳಬಸಪ್ಪ ಕತ್ತೆತ್ತಿ ಆ ಗಂಟನ್ನು ನೋಡಿದ. ಒಳಗೆ ಎಲ್ಲೋ ಆಳದಲ್ಲಿ ಮುತ್ತ್ಯಾ ಇದ್ದ. ಬಾವಿ ಕಡಿಸಿದ ಮುತ್ತ್ಯಾ. ಈಗ ಅದನ್ನು ಅಲ್ಲವೆನ್ನುವವರು ಮೂರು ತಾಲೂಕಿನಲ್ಲಿ ಯಾರೂ ಇರಲಿಲ್ಲ.

"ನಿಮ್ಮದನ್ನ ಒಳಗ ಸೇರಿಸ್ಲೋ, ಮ್ಯಾಲ ಕಟ್ಲ್ಯೋ?" ಎಂದು ಬಂದೇಸಾಬ ಕೇಳಿದ.

ಹೊಳಬಸಪ್ಪ ಅರಿವಿಯನ್ನು ಅವನ ಕೈಗಿತ್ತು, ಎಲೆಯ ಬುಟ್ಟಿಯನ್ನು ತಲೆಗೇರಿಸಿ ಎದೆ ಉಬ್ಬಿಸಿದ.

"ಬಾವಿ ಯಾರದ್ಪಾ? ಮ್ಯಾಲ ಕಟ್ಟು."